ಬ್ರೈಟ್‌ನೆಸ್ ಏರಿಸಿದೆ, ತಲೆನೋವು ಇಳಿಯಿತು

ರಾತ್ರಿ ಫೋನಿನ ಬ್ರೈಟ್‌ನೆಸ್ ಇಳಿಸಿಕೋ, ಕಣ್ಣಿಗೆ ಹಿತ ಅಂತ ನನಗೆ ಹೇಳದವರಿಲ್ಲ. ನಾನೂ ನಂಬಿ ಇಳಿಸುತ್ತಲೇ ಹೋದೆ. ಇಳಿಸಿದಷ್ಟೂ ತಲೆ ಸಿಡಿಯಿತು. ಸುಮಾರು ಎರಡು ವರ್ಷ ಹೀಗೆ ಕಳೆಯಿತು. ಈಗ ನನ್ನ ಸ್ಲೈಡರ್ ಹಗಲೂ ರಾತ್ರಿಯೂ ಮುಕ್ಕಾಲಿನಿಂದ ಕೆಳಗೆ ಬರುವುದಿಲ್ಲ. ತಿಂಗಳಿಗೆ ಹದಿನೆಂಟು ಇಪ್ಪತ್ತು ದಿನ ಇರುತ್ತಿದ್ದ ತಲೆನೋವು ಮೂರು ನಾಲ್ಕು ದಿನಕ್ಕೆ ಬಂದು ನಿಂತಿದೆ. ಜೊತೆಯಲ್ಲಿ ಕೆಲಸ ಮಾಡುವವರೆಲ್ಲ "ನಿನಗೆಲ್ಲೋ ಭ್ರಮೆ" ಅಂದಿದ್ದರು. ಅವರಲ್ಲಿ ಇಬ್ಬರು ಈಗ ತಮ್ಮ ಫೋನನ್ನೂ ಹೀಗೇ ಮಾಡಿಸಿಕೊಂಡು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಫೋನ್ ರಿಪೇರಿ. ಡಿಸ್‌ಪ್ಲೇ ಕಾಂಬೋ, ಅಂದರೆ ಗಾಜು, ಟಚ್, ಸ್ಕ್ರೀನು ಸೇರಿದ ಜೋಡಣೆ ಬದಲಿಸುವುದೇ ಅರ್ಧ ಕೆಲಸ. ಪಿಕ್ಸೆಲ್ಲುಗಳು ತಾವೇ ಬೆಳಗುವ ಓಎಲ್‌ಇಡಿ ಸ್ಕ್ರೀನುಗಳಲ್ಲಿ ಹೆಚ್ಚಿನವು ಬ್ರೈಟ್‌ನೆಸ್ ಇಳಿಸಿದಾಗ ಬೆಳಕನ್ನು ಸೆಕೆಂಡಿಗೆ ನೂರಾರು ಸಲ ಹತ್ತಿಸಿ ಆರಿಸಿ ಮಂಕು ಮಾಡುತ್ತವೆ; ಇದಕ್ಕೆ ಪಿಡಬ್ಲ್ಯೂಎಂ ಅನ್ನುತ್ತಾರೆ, ಈ ಕಾಣದ ಮಿಣುಕೇ ಫ್ಲಿಕರ್. ನನಗೆ ಆಗುತ್ತಿದ್ದದ್ದು ಇಷ್ಟು: ಹೊಸ ಓಎಲ್‌ಇಡಿ ಫೋನಿನಲ್ಲಿ ಇಪ್ಪತ್ತು ನಿಮಿಷ ಓದಿದರೆ ಬಲಗಣ್ಣಿನ ಹಿಂದೆ ಯಾರೋ ಹೆಬ್ಬೆರಳು ಒತ್ತಿದ ಹಾಗೆ. ಆಮೇಲೆ ಅಕ್ಷರ ನಿಲ್ಲದು, ಸಾಲು ತಪ್ಪುವುದು, ಕೊನೆಗೆ ಹೊಟ್ಟೆ ತೊಳಸುವುದು. ಹಿಂದಿನ ದೀಪದಿಂದ (ಬ್ಯಾಕ್‌ಲೈಟ್) ಬೆಳಗುವ ಹಳೆಯ ಎಲ್‌ಸಿಡಿ ಫೋನು ಹಿಡಿದರೆ ಎರಡು ಗಂಟೆಯಾದರೂ ಏನೂ ಇಲ್ಲ. ಈ ವ್ಯತ್ಯಾಸವೇ ನನ್ನ ತಲೆ ಕೊರೆದದ್ದು.

ಮೊದಲು ಕಣ್ಣಿನ ಪರೀಕ್ಷೆ ಮಾಡಿಸಿದೆ. ಇದನ್ನು ಯಾರೂ ಬಿಡಬೇಡಿ, ಕಾರಣ ಅಲ್ಲೇ ಸಿಕ್ಕಿದರೆ ಮುಂದಿನದು ಯಾವುದೂ ಬೇಕಾಗಿಲ್ಲ. ನನಗೆ ಸಣ್ಣದೊಂದು ಸಿಲಿಂಡರ್ ಪವರ್ ಸಿಕ್ಕಿತು, ಕನ್ನಡಕ ಬಂತು, ತಲೆನೋವು ಹಾಗೇ ಉಳಿಯಿತು. ಮಾನಿಟರ್ ನೋಡುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗುತ್ತದೆ ಅಂದರು, ಹನಿ ಹಾಕಿದೆ. ಉರಿ ಹೋಯಿತು, ನೋವು ಹೋಗಲಿಲ್ಲ. ಆಮೇಲೆ ನೀಲಿ ಬೆಳಕು ತಡೆಯುವ ಕನ್ನಡಕ, ಅದೂ ಎರಡು ಜೊತೆ. 2023ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಅಲ್ಲಿಯವರೆಗಿನ 17 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿ, ಕಣ್ಣಿನ ಆಯಾಸಕ್ಕೆ ಆ ಕನ್ನಡಕದಿಂದ ವಿಶೇಷ ಲಾಭ ಕಾಣುವುದಿಲ್ಲ ಅಂತ ಹೇಳಿತು. ಅದನ್ನು ನಾನು ಓದುವ ಹೊತ್ತಿಗೆ ದುಡ್ಡು ಕೊಟ್ಟಾಗಿತ್ತು.

ಆ ದುಡ್ಡು ಸಣ್ಣದು, ದೊಡ್ಡ ನಷ್ಟ ಫೋನುಗಳದ್ದು. ಒಂದೂವರೆ ವರ್ಷದಲ್ಲಿ ಮೂರು ಫೋನು ಕೊಂಡು ಮಾರಿದೆ. ಪೆಟ್ಟಿಗೆ ಒಡೆದ ಕೂಡಲೇ ಬೆಲೆ ಎಷ್ಟು ಬೀಳುತ್ತದೆ ಅಂತ ನಮಗೆ ಹೇಳಬೇಕಾಗಿಲ್ಲ. ಪ್ರತಿ ಸಲವೂ ಕೊಟ್ಟದ್ದರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಹೋಯಿತು. ಲೆಕ್ಕ ಹಾಕಿದರೆ ಇಡೀ ಒಂದು ಫೋನಿನ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಮೂರನೆಯದನ್ನು ಡಬ್ಬಿಯ ಮೇಲೆ 2160 ಹರ್ಟ್ಸ್ ಅಂತ ನೋಡಿಯೇ ಕೊಂಡದ್ದು; ಅಂದರೆ ಸೆಕೆಂಡಿಗೆ ಅಷ್ಟು ಸಲ ಮಿಣುಕು, ವೇಗ ಹೆಚ್ಚಿದಷ್ಟೂ ತೊಂದರೆ ಕಡಿಮೆ ಅನ್ನುವ ಲೆಕ್ಕ. ಮೊದಲಿನೆರಡಕ್ಕಿಂತ ಮೇಲು, ಸುಳ್ಳು ಹೇಳುವುದಿಲ್ಲ. ಆದರೆ ರಾತ್ರಿ ಒಂದು ಗಂಟೆ ಓದಿದರೆ ಅದೇ ಹೆಬ್ಬೆರಳು.

ಅಲ್ಲಿಂದಾಚೆಗೆ ಕೊಳ್ಳುವುದು ನಿಲ್ಲಿಸಿ ಅಳೆಯುವುದಕ್ಕೆ ಕುಳಿತೆ.

ಮೊದಲು ಪೆನ್ಸಿಲ್ ಪರೀಕ್ಷೆ, ಮಿಣುಕು ಇದೆಯೋ ಇಲ್ಲವೋ ನೋಡುವುದಕ್ಕೆ. ದೀಪ ಆರಿಸಿ, ಬಿಳಿ ಸ್ಕ್ರೀನಿನ ಮುಂದೆ ಪೆನ್ಸಿಲ್ಲನ್ನು ಬೀಸಣಿಗೆಯ ಹಾಗೆ ಜೋರಾಗಿ ಆಡಿಸಿದೆ. ಸ್ಲೈಡರ್ ಪೂರ್ತಿ ಮೇಲಿದ್ದಾಗ ನಯವಾದ ಮಸುಕು ನೆರಳು. ಕಾಲು ಭಾಗಕ್ಕೆ ಇಳಿಸಿದರೆ ನೆರಳು ಒಡೆದು ಹತ್ತಾರು ಪೆನ್ಸಿಲ್, ಒಂದೊಂದರ ಅಂಚೂ ಚಾಕುವಿನಿಂದ ಕೊಯ್ದ ಹಾಗೆ. ರಿಪೇರಿ ಬೆಂಚಿನಲ್ಲಿ ನನ್ನ ಜೊತೆ ಕೂರುವ ಹುಡುಗನನ್ನು ಕರೆದು ತೋರಿಸಿದೆ. "ಅಣ್ಣಾ, ಇದು ದಿನಾ ಕಣ್ಣೊಳಗೆ ಹೋಗ್ತಿದೆಯಾ?" ಅಂದ. ನಮ್ಮ ಪೈಕಿ ನನ್ನನ್ನು ಮೊದಲು ನಂಬಿದವನು ಅವನೇ.

ಆಮೇಲೆ ಕ್ಯಾಮೆರಾ. ಪ್ರೋ ಮೋಡಿನಲ್ಲಿ ಶಟರ್ ಸೆಕೆಂಡಿನ 1/4000ಕ್ಕೆ ಇಟ್ಟು ಸ್ಕ್ರೀನಿನ ಫೋಟೋ ತೆಗೆದರೆ ಕಪ್ಪು ಪಟ್ಟೆ ಬರುತ್ತದೆ, ಅದನ್ನು ಎಣಿಸಿ ಫ್ರೀಕ್ವೆನ್ಸಿ, ಅಂದರೆ ಸೆಕೆಂಡಿಗೆ ಎಷ್ಟು ಸಲ ಮಿಣುಕುತ್ತದೆ ಅಂತ ಹೇಳುತ್ತೇವೆ ಅನ್ನುವವರು ಬಹಳ. ಇಲ್ಲಿ ನಾನು ಒಂದು ವಾರ ಹಾಳು ಮಾಡಿಕೊಂಡೆ. ಇದ್ದ ಫೋನನ್ನೇ ತಲೆಕೆಳಗಾಗಿ ಇಟ್ಟು ತೆಗೆದರೆ ಪಟ್ಟೆಯ ಎಣಿಕೆ ಬದಲಾಗುತ್ತದೆ! ಕಾರಣ ಹೊಳೆದಾಗ ಸಮಾಧಾನವಾಯಿತು: ಓಎಲ್‌ಇಡಿಯಲ್ಲಿ ಕಪ್ಪು ಪಟ್ಟೆಗಳು ತಾವೇ ಮೇಲಿಂದ ಕೆಳಕ್ಕೆ ಹರಿಯುತ್ತಿರುತ್ತವೆ, ಕ್ಯಾಮೆರಾ ಸೆನ್ಸರ್ ಕೂಡ ಸಾಲುಸಾಲಾಗಿ ಓದುತ್ತದೆ. ಎರಡೂ ಒಂದೇ ದಿಕ್ಕಿಗೆ ಹೋದರೆ ಒಂದು ಎಣಿಕೆ, ಎದುರುಬದುರಾದರೆ ಇನ್ನೊಂದು. ಹಾಗಾಗಿ ಫ್ಲಿಕರ್ ಇದೆಯೋ ಇಲ್ಲವೋ ಅನ್ನುವುದಕ್ಕೆ ಮಾತ್ರ ಕ್ಯಾಮೆರಾ ನಂಬಿ, ಎಷ್ಟು ಅನ್ನುವುದಕ್ಕೆ ಬೇಡ.

ಸರಿಯಾದ ದಾರಿ ಅಂದರೆ ಬೆಳಕನ್ನು ಕರೆಂಟಾಗಿಸುವ ಒಂದು ಫೋಟೋಡಯೋಡನ್ನು ಸ್ಕ್ರೀನಿನ ಒಂದೇ ಜಾಗಕ್ಕೆ ಅಂಟಿಸಿ ನೋಡುವುದು. ನಾನು ಮೊದಲು ಜಿಪುಣತನ ಮಾಡಿ ಹಳೆ ಕ್ಯಾಲ್ಕುಲೇಟರಿನ ಸೋಲಾರ್ ಸೆಲ್ ಕಿತ್ತು ಕಂಪ್ಯೂಟರಿನ ಮೈಕ್ ಜ್ಯಾಕಿಗೆ ಕೊಟ್ಟೆ. ಅಲೆ ಗುಂಡಗೆ, ಮೆತ್ತಗೆ ಬಂತು. ಇಷ್ಟು ಮೆತ್ತಗಿನ ಅಲೆ ಏನು ಮಾಡೀತು ಅಂದುಕೊಂಡು ಸುಮಾರು ಹದಿನೈದು ದಿನ ಫ್ಲಿಕರ್ ವಿಚಾರವನ್ನೇ ಕೈಬಿಟ್ಟಿದ್ದೆ. ಮೋಸ ಮಾಡಿದ್ದು ಆ ಸೆಲ್. ಅಗಲವಾದ ಸೆಲ್ಲಿಗೆ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಗುಣ) ಜಾಸ್ತಿ, ಅಲೆಯ ಅಂಚುಗಳನ್ನೆಲ್ಲ ತಿಂದುಬಿಡುತ್ತದೆ. ಬಿಪಿಡಬ್ಲ್ಯೂ34 ಡಯೋಡ್ ಹಾಕಿದ ಮೇಲೆ ನಿಜವಾದ ಮುಖ ಕಂಡಿತು. ಏಣಿಯ ಹಾಗೆ ನೆಟ್ಟಗೆ ಏರಿ ನೆಟ್ಟಗೆ ಬೀಳುವ ಅಲೆ, ಸೆಕೆಂಡಿಗೆ 240 ಸಲ.

ಆ ಸಿಗ್ನಲನ್ನು ಹೆಡ್‌ಫೋನಿಗೆ ಕೊಟ್ಟು ಕೇಳಿದ್ದನ್ನು ಹೇಳಲೇಬೇಕು. 240 ಹರ್ಟ್ಸ್ ಅಂದರೆ ಜೇನುನೊಣ ಕಿವಿಯ ಪಕ್ಕ ಹಾರಿದಾಗ ಬರುವ ಗುಂಯ್ ಸದ್ದಿಗೆ ಬಹಳ ಹತ್ತಿರ. ಸ್ಲೈಡರ್ ಮೇಲಿದ್ದಾಗ ದೂರದಲ್ಲೆಲ್ಲೋ ಗುಂಯ್. ಇಳಿಸುತ್ತಾ ಬಂದ ಹಾಗೆ ಶ್ರುತಿ ಅಲ್ಲೇ ಇದೆ, ಸದ್ದು ಮಾತ್ರ ತೆಳ್ಳಗಾಗಿ, ಒರಟಾಗಿ, ಕೊನೆಗೆ ಝರ್ರ್ ಅಂತ ಗರಗಸ ಎಳೆದ ಹಾಗೆ. ಬೆಳಕು ಹತ್ತಿರುವ ಹೊತ್ತು ಕಿರಿದಾಗಿ, ಕತ್ತಲ ಹೊತ್ತು ಹಿಗ್ಗುತ್ತಿದೆ. ಬ್ರೈಟ್‌ನೆಸ್ ಇಳಿಸಿ ಕಣ್ಣಿಗೆ ಹಿತ ಮಾಡುತ್ತಿದ್ದೇನೆ ಅಂದುಕೊಂಡಾಗಲೆಲ್ಲ ನಾನು ಮಾಡುತ್ತಿದ್ದದ್ದು ಇದನ್ನು. ಆ ಸದ್ದು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಒಂದು ಎಚ್ಚರಿಕೆ: ಮೈಕ್ ಜ್ಯಾಕು ಡಿಸಿಯನ್ನು, ಅಂದರೆ ಏರಿಳಿತವಿಲ್ಲದ ಭಾಗವನ್ನು, ತಡೆಯುತ್ತದೆ. ಬೆಳಕು ಸೊನ್ನೆಗೆ ಬೀಳುತ್ತಿದೆಯೋ ಸ್ವಲ್ಪ ಮಾತ್ರ ಬಾಗುತ್ತಿದೆಯೋ ಅದರಲ್ಲಿ ತಿಳಿಯದು. ಮಿಣುಕಿನ ಆಳ, ಅಂದರೆ ಬೆಳಕು ಎಷ್ಟು ಬೀಳುತ್ತದೆ ಅನ್ನುವುದು ಬೇಕಿದ್ದರೆ ಅಲೆಯನ್ನು ಬಿಡಿಸಿ ತೋರಿಸುವ ಆಸಿಲೋಸ್ಕೋಪಿಗೇ ಹೋಗಬೇಕು. ನನ್ನ ಹಳೆ ಸ್ಕೋಪಿನಲ್ಲಿ ನೋಡಿದಾಗ ಸ್ಲೈಡರ್ ಕೆಳಗಿದ್ದರೆ ಅಲೆ ತಳ ಮುಟ್ಟುತ್ತಿತ್ತು, ಅಂದರೆ ಶೇಕಡಾ ನೂರಕ್ಕೆ ಹತ್ತಿರ. ಎಲ್‌ಇಡಿ ದೀಪಗಳಿಗೆ ಐಇಇಇ ಅನ್ನುವ ಎಂಜಿನಿಯರುಗಳ ಸಂಸ್ಥೆ 2015ರಲ್ಲಿ ಮಾಡಿದ 1789 ಅನ್ನುವ ಶಿಫಾರಸು ಇದೆ, ಅದರ ಪ್ರಕಾರ ಈ ಫ್ರೀಕ್ವೆನ್ಸಿಗಳಲ್ಲಿ ಅಪಾಯ ಕಡಿಮೆ ಅನ್ನಬೇಕಾದರೆ ಫ್ಲಿಕರಿನ ಆಳದ ಶೇಕಡಾವಾರು, ಫ್ರೀಕ್ವೆನ್ಸಿಯ 0.08 ಪಟ್ಟು ಮೀರಬಾರದು. 240ಕ್ಕೆ ಲೆಕ್ಕ ಹಾಕಿದರೆ 19 ಚಿಲ್ಲರೆ. ನನ್ನ ಕೈಯಲ್ಲಿ ಇದ್ದದ್ದು ಅದರ ಐದು ಪಟ್ಟು. 1250 ಹರ್ಟ್ಸ್ ದಾಟಿದರೆ ಅಪಾಯ ಕಡಿಮೆ, 3000 ದಾಟಿದರೆ ಪರಿಣಾಮವೇ ಕಾಣದ ಮಟ್ಟ ಅಂತ ಅದೇ ಶಿಫಾರಸು ಹೇಳುತ್ತದೆ. ನನ್ನ 2160ರ ಫೋನು ಇವೆರಡರ ನಡುವೆ ಸಿಕ್ಕಿಕೊಂಡಿತ್ತು. ಈಗ 3840, 4320 ಅಂತ ಬರೆದ ಫೋನುಗಳೂ ಇವೆ. ಕೊಳ್ಳುವ ಶಕ್ತಿ ಇದ್ದವರು ಕೊಳ್ಳಲಿ, ಆದರೆ ಕಡಿಮೆ ಬ್ರೈಟ್‌ನೆಸ್ಸಿನಲ್ಲಿ ನೀವೇ ಅಳೆದು ಕೊಳ್ಳಿ.

ಕಣ್ಣಿಗೆ ಕಾಣದ ಮಿಣುಕು ತಲೆನೋವು ತರುತ್ತದೆಯೇ ಅಂತ ಕೇಳುವವರಿಗೆ ನಾನು ಕೊಡುವ ಉತ್ತರ ಟ್ಯೂಬ್‌ಲೈಟಿನ ಚೋಕ್. 1989ರಲ್ಲಿ ಬ್ರಿಟನ್ನಿನ ಸಂಶೋಧಕ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಜೊತೆಗಾರರು ಒಂದು ಕಚೇರಿಯ ಟ್ಯೂಬುಗಳನ್ನು ಹಳೆ ಚೋಕಿನಿಂದ ಎಲೆಕ್ಟ್ರಾನಿಕ್ ಚೋಕಿಗೆ ಬದಲಿಸಿ ನೋಡಿದರು. 50 ಹರ್ಟ್ಸ್ ಕರೆಂಟಿನಲ್ಲಿ ಹಳೆ ಚೋಕಿನ ಟ್ಯೂಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಯಾರ ಕಣ್ಣಿಗೂ ಕಾಣುವುದಿಲ್ಲ; ಎಲೆಕ್ಟ್ರಾನಿಕ್ ಚೋಕಿನಲ್ಲಿ ಆ ಮಿಣುಕು ಬಹಳ ಕಡಿಮೆ. ಯಾವುದು ಹಾಕಿದ್ದಾರೆ ಅಂತ ಅಲ್ಲಿ ಕುಳಿತವರಿಗೆ ಗೊತ್ತಿರಲಿಲ್ಲ. ಆದರೂ ಹೊಸ ಚೋಕಿನಡಿಯಲ್ಲಿ ತಲೆನೋವು ಮತ್ತು ಕಣ್ಣುಬೇನೆ ಅರ್ಧಕ್ಕಿಂತ ಕಡಿಮೆಯಾಯಿತು.

ಇನ್ನು ಮಾಡಿದ್ದು. ನನ್ನ ಈಗಿನ ಫೋನಿನಲ್ಲಿ ಸ್ಲೈಡರ್ ಮುಕ್ಕಾಲು ದಾಟಿದರೆ ಅಲೆ ಹೆಚ್ಚುಕಡಿಮೆ ಸಪಾಟಾಗುತ್ತದೆ, ಸ್ಕ್ರೀನು ಚಿತ್ರ ಹೊಸದಾಗಿ ಬರೆಯುವಾಗಿನ (ರಿಫ್ರೆಶ್) ಸಣ್ಣ ತಗ್ಗು ಮಾತ್ರ ಉಳಿಯುತ್ತದೆ. ಆ ಗಡಿಯನ್ನು ಡಯೋಡಿನಿಂದ ಹುಡುಕಿ, ಅಲ್ಲೇ ಸ್ಲೈಡರ್ ನಿಲ್ಲಿಸಿ, ಬೆಳಕನ್ನು ಸಾಫ್ಟ್‌ವೇರಿನಲ್ಲಿ ತಗ್ಗಿಸುವುದು. ಪ್ಯಾನಲ್ ಹೆಚ್ಚುಕಡಿಮೆ ಮಿಣುಕದೆ ಹತ್ತಿಕೊಂಡೇ ಇರುತ್ತದೆ, ಪಿಕ್ಸೆಲ್ಲಿನ ಬಣ್ಣ ಮಾತ್ರ ಮಂಕಾಗುತ್ತದೆ.

ಮೊದಲು ಕಪ್ಪು ಪದರ ಹಾಕುವ ಆ್ಯಪು ಬಳಸಿದೆ. ಪದರ ದಟ್ಟವಾದರೆ ಕೆಳಗಿನ ಬಟನ್ನು ಒತ್ತಲು ಆಗುತ್ತಿರಲಿಲ್ಲ. ಟಚ್ ಹೋಯಿತು ಅಂತ ಹೆದರಿ ಕಾಂಬೋ ಬಿಚ್ಚುವುದಕ್ಕೂ ಹೊರಟಿದ್ದೆ. ಆಮೇಲೆ ಗೊತ್ತಾಯಿತು, ಆಂಡ್ರಾಯ್ಡ್ 12ರಿಂದ ಇಂಥ ಪದರ ಶೇಕಡಾ 80 ದಟ್ಟಣೆ ಮೀರಿದರೆ ಅದರ ಮೂಲಕ ಟಚ್ ಹೋಗಲು ಸಿಸ್ಟಮ್ ಬಿಡುವುದಿಲ್ಲ. ಅದೇ ಆಂಡ್ರಾಯ್ಡ್ 12ರಲ್ಲಿ ಅಕ್ಸೆಸಿಬಿಲಿಟಿ ಒಳಗೆ ಎಕ್ಸ್‌ಟ್ರಾ ಡಿಮ್ ಬಂದಿದೆ. ಅದು ಬಣ್ಣವನ್ನೇ ಲೆಕ್ಕ ಹಾಕಿ ತಗ್ಗಿಸುತ್ತದೆ, ಟಚ್ಚಿನ ತಂಟೆಯಿಲ್ಲ. ಐಫೋನಿನವರಿಗೆ ರೆಡ್ಯೂಸ್ ವೈಟ್ ಪಾಯಿಂಟ್ ಇದೆ. ಆಟೋ ಬ್ರೈಟ್‌ನೆಸ್ ಆರಿಸುವುದು ಮರೆತರೆ ಎಲ್ಲವೂ ವ್ಯರ್ಥ; ಎಂಟು ಹತ್ತು ದಿನ ಅದು ಸದ್ದಿಲ್ಲದೆ ಸ್ಲೈಡರ್ ಇಳಿಸುತ್ತಿದ್ದದ್ದು ನನ್ನ ಗಮನಕ್ಕೇ ಬರಲಿಲ್ಲ. ಕತ್ತಲೆ ದೃಶ್ಯಗಳಲ್ಲಿ ನೆರಳಿನ ವಿವರ ಸ್ವಲ್ಪ ಹೋಗುತ್ತದೆ. ಓದುವವನಿಗೆ ಅದು ಲೆಕ್ಕಕ್ಕಿಲ್ಲ.

ಹಗಲು, ಸಂಜೆ, ಮಧ್ಯರಾತ್ರಿಗೆ ತಕ್ಕಂತೆ ಈ ಮಂಕು ತಾನೇ ಬದಲಾಗುವ ಹಾಗೆ ಮಾಡಿಕೊಂಡಿದ್ದೇನೆ. ಅದನ್ನು ಕಟ್ಟಿದ ಬಗೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ಗಿರಾಕಿಗಳಿಗೆ ಮಾಡಿಕೊಟ್ಟು ನಾಲ್ಕು ಕಾಸು ಬರುತ್ತಿದೆ. ಡಯೋಡಿಗೆ ಹೊರಬೆಳಕು ತಾಗದಂತೆ ನಾನು ಹಾಕುವ ಟೋಪಿಯ ಗುಟ್ಟೂ ಅಷ್ಟೆ.

ಭ್ರಮೆ ಅಂದವರ ಬಾಯಿ ಮುಚ್ಚಿಸಲು ಒಂದು ಪರೀಕ್ಷೆಯನ್ನೂ ಮಾಡಿದೆ. ಹದಿನಾಲ್ಕು ಸಂಜೆ, ದಿನಕ್ಕೆ ನಲವತ್ತು ನಿಮಿಷ ಓದು. ಸ್ಲೈಡರ್ ಮೇಲಿಟ್ಟು ಎಕ್ಸ್‌ಟ್ರಾ ಡಿಮ್ಮೋ, ಬರೀ ಸ್ಲೈಡರ್ ಇಳಿಸಿದ್ದೋ, ನಾಣ್ಯ ಚಿಮ್ಮಿ ಹುಡುಗನೇ ಇಟ್ಟುಕೊಡುತ್ತಿದ್ದ. ಎರಡರ ಬೆಳಕೂ ಮೀಟರಿನಲ್ಲಿ ಸಮ. ನಾನು ಸೆಟ್ಟಿಂಗ್ ತೆರೆಯುವ ಹಾಗಿಲ್ಲ. ಓದಿ ಮುಗಿಸಿ ಯಾವುದು ಅಂತ ಬರೆದುಕೊಡಬೇಕು. ಹದಿನಾಲ್ಕರಲ್ಲಿ ಹನ್ನೊಂದು ಸರಿ. ತಪ್ಪಿದ ಮೂರೂ ದಿನ ಬೆಳಗಿನಿಂದಲೇ ತಲೆ ಭಾರವಾಗಿತ್ತು.

ಇದರ ನಡುವೆ ಇನ್ನೊಂದು ಹುಚ್ಚೂ ಹತ್ತಿತ್ತು. ಓಎಲ್‌ಇಡಿ ಕಿತ್ತು ಅದರ ಜಾಗಕ್ಕೆ ಅಗ್ಗದ ಇನ್‌ಸೆಲ್ (ಟಚ್ ಒಳಗೇ ಸೇರಿದ) ಎಲ್‌ಸಿಡಿ ಕಾಂಬೋ ಹಾಕಿದರೆ ಹೇಗೆ? ದುಡ್ಡು ಉಳಿಸಲು ನಾವು ಗಿರಾಕಿಗೆ ಹಾಕುವುದನ್ನೇ ಕಣ್ಣು ಉಳಿಸಲು ನನಗೆ ಹಾಕಿಕೊಂಡೆ. ಮೊದಲ ಪ್ಯಾನಲ್ ಪೆನ್ಸಿಲ್ ಪರೀಕ್ಷೆಯಲ್ಲೇ ಬಿತ್ತು: ಅದರ ಫ್ಲೆಕ್ಸ್ (ಬಾಗುವ ಪಟ್ಟಿ) ಮೇಲಿನ ಬ್ಯಾಕ್‌ಲೈಟ್ ಸರ್ಕ್ಯೂಟೂ ಮಿಣುಕುತ್ತಿತ್ತು. ಎರಡನೆಯದು, ಬೇರೆ ಕಡೆಯದು, ಸ್ಕೋಪಿನಲ್ಲಿ ಗೀಟು ಎಳೆದ ಹಾಗೆ ನೇರ. ಕಪ್ಪು ಬಣ್ಣ ಬೂದಿಯ ಹಾಗೆ ಕಾಣುತ್ತದೆ, ಬ್ಯಾಟರಿ ಕಾಲು ಭಾಗ ಬೇಗ ಹೋಗುತ್ತದೆ, ಅಂಚು ದಪ್ಪ. ಆದರೂ ಎಕ್ಸ್‌ಟ್ರಾ ಡಿಮ್ಮಿನಿಂದಲೂ ಆರಾಮ ಸಿಗದ ಒಬ್ಬರಿಗೆ ಅದನ್ನೇ ಹಾಕಿಕೊಟ್ಟೆ. ಆರು ತಿಂಗಳಾಯಿತು, ವಾಪಸು ತಂದಿಲ್ಲ.

ಇಷ್ಟೆಲ್ಲ ಆದ ಮೇಲೂ ವಾರಕ್ಕೊಮ್ಮೆ ನೋವು ಬರುತ್ತಿತ್ತು, ಅದೂ ಕೆಲಸದ ದಿನ ಮಾತ್ರ, ಫೋನು ಹೆಚ್ಚು ಮುಟ್ಟದ ದಿನವೂ. ಒಂದು ಮಧ್ಯಾಹ್ನ ಡಯೋಡನ್ನು ಸುಮ್ಮನೆ ಬೆಂಚಿನ ಮೇಲೆ ಬಿಟ್ಟು ಹೆಡ್‌ಫೋನ್ ಕಿವಿಗಿಟ್ಟೆ. ಮೇಲೆ ತೂಗುತ್ತಿದ್ದ ಮೈಕ್ರೋಸ್ಕೋಪಿನ ರಿಂಗ್ ಲೈಟಿನಿಂದ ಅದೇ ಝರ್ರ್. ಡಿಮ್ಮರ್ ಗುಂಡಿ ತಿರುಗಿಸಿದರೆ ಸದ್ದು ತೆಳ್ಳಗಾಗುತ್ತದೆ, ಶ್ರುತಿ ಬದಲಾಗದು. ದಿನಕ್ಕೆ ಐದಾರು ಗಂಟೆ ನಾನು ಕಣ್ಣಿಟ್ಟು ಕೂರುವುದು ಅದರ ಕೆಳಗೆ. ಅಂದೇ ಡಿಮ್ಮರ್ ಕಿತ್ತು ಒಂದೇ ಸಮನೆ ಕರೆಂಟ್ ಕೊಡುವ ಸಾದಾ ಕಾನ್‌ಸ್ಟಂಟ್ ಕರೆಂಟ್ ಡ್ರೈವರ್ ಹಾಕಿದೆ, ಹೀಟ್‌ಸಿಂಕ್ ಸ್ವಲ್ಪ ಬಿಸಿಯಾಗುತ್ತದೆ ಅಷ್ಟೆ. ಹುಡುಗ ಈಗ ಯಾವ ಕಾಂಬೋ ಬಂದರೂ ಗಮ್ ಹಚ್ಚುವ ಮೊದಲು ಬ್ರೈಟ್‌ನೆಸ್ ಇಳಿಸಿ ಪೆನ್ಸಿಲ್ ಆಡಿಸಿ ನೋಡುತ್ತಾನೆ. ಹೋದ ವಾರ ಎರಡು ಪ್ಯಾನಲ್ ಹಾಗೇ ಹಿಂದಕ್ಕೆ ಕಳಿಸಿದ.