ಝೋನ್ ಬದಲಾಯಿಸುವ ಮೊದಲು ನಕ್ಷೆಯ ಬಣ್ಣ ನೋಡಿ

ಖಾತಾ ಇದೆ, ಕಂದಾಯ ಕಟ್ಟಿದ್ದೇನೆ, ನನ್ನ ಜಾಗದಲ್ಲಿ ನಾನು ಗೋಡೌನ್ ಹಾಕಿದರೆ ಯಾರು ಕೇಳುತ್ತಾರೆ ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಕೇಳುತ್ತಾರೆ. ಖಾತಾ ನೋಡಿದರೆ ತೆರಿಗೆ ಯಾರ ಹೆಸರಿನಲ್ಲಿದೆ ಅಂತ ಗೊತ್ತಾಗುತ್ತೆ, ಅಷ್ಟೇ. ಅಲ್ಲಿ ಏನು ಕಟ್ಟಬಹುದು ಅನ್ನುವುದು ಊರಿನ ಮಾಸ್ಟರ್ ಪ್ಲಾನ್‌ನಲ್ಲಿರುತ್ತದೆ, ಅಂದರೆ ಯಾವ ಜಾಗ ಯಾವ ಉಪಯೋಗಕ್ಕೆ ಅಂತ ಊರನ್ನು ವಲಯಗಳಾಗಿ (ಝೋನ್) ಹಂಚಿರುವ ಯೋಜನೆಯಲ್ಲಿ. ಅದಕ್ಕೆ ಆಧಾರ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ.

ಪ್ಲಾನಿನ ನಕ್ಷೆಯಲ್ಲಿ ಹಳದಿ ವಾಸಕ್ಕೆ, ನೀಲಿ ವ್ಯಾಪಾರಕ್ಕೆ, ನೇರಳೆ ಕೈಗಾರಿಕೆಗೆ. ಜಾಹೀರಾತಿನಲ್ಲಿ ‘ಯೆಲ್ಲೋ ಝೋನ್ ಸೈಟು’ ಅಂತ ಕೂಗುವುದು ಇದಕ್ಕೇ. ನಿಮ್ಮದು ಯಾವ ಬಣ್ಣ ಅಂತ ತಿಳಿಯಲು ಸರ್ವೆ ನಂಬರ್ ಬೇಕು. ಕ್ರಯಪತ್ರದಲ್ಲೋ ಪಹಣಿಯಲ್ಲೋ ಇರುತ್ತೆ, ಇಲ್ಲ ಅಂದರೆ ಜಾಗದಲ್ಲೇ ನಿಂತು ದಿಶಾಂಕ್ ಆ್ಯಪ್ ತೆರೆದರೂ ಸಿಗುತ್ತೆ. ಆಮೇಲೆ ನಿಮ್ಮ ಊರಿನ ಯೋಜನಾ ಪ್ರಾಧಿಕಾರಕ್ಕೆ ಹೋಗಿ ಜಾಗ ಯಾವ ವಲಯದಲ್ಲಿದೆ ಅಂತ ಬರಹದಲ್ಲೇ ಪಡೆದುಕೊಳ್ಳಿ. ಬ್ರೋಕರ್ ಮೊಬೈಲಿನಲ್ಲಿ ತೋರಿಸುವ ಫೋಟೋ ನಂಬಬೇಡಿ.

ನಕ್ಷೆಯ ಜೊತೆಗೆ ವಲಯ ನಿಯಮಾವಳಿ ಅಂತ ಒಂದು ಪುಸ್ತಕವೂ ಇರುತ್ತದೆ. ಅದನ್ನು ಯಾರೂ ಓದುವುದಿಲ್ಲ, ದುಡ್ಡು ಹೋಗುವುದು ಅಲ್ಲೇ. ನಮ್ಮ ಚಿಕ್ಕಮ್ಮ ಮನೆಯ ಕೆಳಗೆ ಪುಟ್ಟ ಅಂಗಡಿ ಇಡಬೇಕು ಅಂದಾಗ ಏಜೆಂಟ್ ಒಬ್ಬ, ಝೋನ್ ಬದಲಾಯಿಸದೆ ಆಗುವುದೇ ಇಲ್ಲ ಅಂತ ದೊಡ್ಡ ಮೊತ್ತ ಕೇಳಿದ್ದ. ನಿಯಮಾವಳಿ ತೆಗೆದು ನೋಡಿದರೆ ವಾಸದ ವಲಯದಲ್ಲೇ ಅಷ್ಟು ಸಣ್ಣ ಅಂಗಡಿಗೆ ಅವಕಾಶ ಇತ್ತು! ಎದುರಿನ ರಸ್ತೆ ಎಷ್ಟು ಅಗಲ ಅನ್ನುವುದನ್ನೂ ಅಳೆದುಕೊಳ್ಳಿ, ಎಷ್ಟೋ ಅನುಮತಿಗಳು ಅದರ ಮೇಲೆ ನಿಂತಿರುತ್ತವೆ.

ಇನ್ನೊಂದು ಗೊಂದಲ ಡಿಸಿ ಕನ್ವರ್ಷನ್. ಅದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ, ಕೃಷಿ ಜಮೀನನ್ನು ಬೇರೆ ಉಪಯೋಗಕ್ಕೆ ಪರಿವರ್ತಿಸುವುದು. ಝೋನ್ ಬದಲಾವಣೆಯೇ ಬೇರೆ. ಜಮೀನು ಪ್ಲಾನಿನಲ್ಲಿ ಕೃಷಿ ವಲಯದಲ್ಲಿದ್ದರೆ ಮೊದಲು ವಲಯ ಬದಲಾಗಬೇಕು, ಕನ್ವರ್ಷನ್ ಪ್ರಶ್ನೆ ಆಮೇಲೆ.

ನಿಜವಾಗಿಯೂ ಬದಲಾವಣೆ ಬೇಕು ಅಂದರೆ ಯೋಜನಾ ಕಾಯ್ದೆಯ 14-ಎ ಕಲಂ ಅಡಿಯಲ್ಲಿ ಪ್ರಾಧಿಕಾರಕ್ಕೆ ಅರ್ಜಿ ಹಾಕಬೇಕು. ಕ್ರಯಪತ್ರ, ಪಹಣಿ ಅಥವಾ ಖಾತಾ, ಋಣಭಾರ ಪತ್ರ, ಸರ್ವೆ ಸ್ಕೆಚ್ ಜೊತೆಗಿರಲಿ. ಕಾರಣ ಬರೆಯುವಾಗ ಮಾತ್ರ ಹುಷಾರು. ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕು ಅಂತ ಕಾನೂನೇ ಹೇಳುತ್ತೆ, ‘ನನಗೆ ಬಾಡಿಗೆ ಜಾಸ್ತಿ ಬರುತ್ತೆ’ ಅನ್ನುವುದು ಅಲ್ಲಿ ಕಾರಣವೇ ಅಲ್ಲ. ನಕ್ಷೆ ಬರೆಯುವಾಗಲೇ ತಪ್ಪಾಗಿದ್ದರೆ, ಅಂದರೆ ಮೊದಲಿಂದ ಮನೆ ಇದ್ದ ಕಡೆ ಬೇರೆ ಬಣ್ಣ ಬಳಿದಿದ್ದರೆ, ನಿಮ್ಮ ವಾದ ಗಟ್ಟಿ. ಹಳೇ ಮಂಜೂರಾತಿ ನಕ್ಷೆ ಹುಡುಕಿ ಲಗತ್ತಿಸಿ.

ಪ್ರಾಧಿಕಾರ ನಂತರ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಕನಿಷ್ಠ 15 ದಿನ ಆಕ್ಷೇಪಣೆಗೆ ಬಿಡಬೇಕು. ಇಲ್ಲೇ ಅಕ್ಕಪಕ್ಕದವರು ಎದ್ದು ಬರುವುದು. ಲಾರಿ ಎಲ್ಲಿ ನಿಲ್ಲುತ್ತೆ, ನೀರು ಎಲ್ಲಿ ಹರಿಯುತ್ತೆ ಅಂತ ಅವರಿಗೆ ಮೊದಲೇ ಹೋಗಿ ಹೇಳಿಬಿಡಿ. ಇದಕ್ಕೆ ಸರ್ಕಾರದ ಒಪ್ಪಿಗೆಯೂ ಬೇಕು, ಕೊನೆಗೆ ಶುಲ್ಕ. ಕೈಗಾರಿಕೆಯಿಂದ ವ್ಯಾಪಾರಕ್ಕೆ, ಇಲ್ಲವೇ ಇವೆರಡರಿಂದ ವಾಸಕ್ಕೆ ಬರುವವರಿಗೆ ಇಷ್ಟು ಓಡಾಟ ಇಲ್ಲ. ಶುಲ್ಕ ಕಟ್ಟಿ ಮೊದಲೇ ತಿಳಿಸಿದರೆ ಅನುಮತಿ ಸಿಕ್ಕಂತೆಯೇ.

ಮಾಸ್ಟರ್ ಪ್ಲಾನ್ ಅನ್ನು 10 ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ ನಿಯಮ, ಅದು ಎಳೆದಾಡುವುದೇ ಜಾಸ್ತಿ ಬಿಡಿ. ಆದರೂ ಕರಡು ಹೊರಬಿದ್ದಾಗ ಜನರ ಅಭಿಪ್ರಾಯಕ್ಕೆ 60 ದಿನ ಇರುತ್ತದೆ. ನಿಮ್ಮ ಸರ್ವೆ ನಂಬರಿಗೆ ಯಾವ ಬಣ್ಣ ಬಿದ್ದಿದೆ ಅಂತ ಆಗಲೇ ನೋಡಿ, ತಕರಾರಿದ್ದರೆ ಬರೆದು ಕೊಟ್ಟು, ಸ್ವೀಕೃತಿಯ ಸೀಲ್ ಹಾಕಿಸಿಕೊಂಡೇ ಬನ್ನಿ.