ಹೊಲದ ಬದುವಿನ ಮೇಲೆ ಕಂಡ ಪುಟ್ಟ ಕಾಡುಬೆಕ್ಕು

ದೇವರಾಯನದುರ್ಗದ ಬೆಟ್ಟಸಾಲಿನ ತಪ್ಪಲಿನಲ್ಲಿ ನಮಗೆ ಮೂರು ಎಕರೆ ಹೊಲವಿದೆ. ಒಂದು ರಾತ್ರಿ ತ್ರೀಫೇಸ್ ಕರೆಂಟಿಗಾಗಿ ಪಂಪ್‌ಮನೆಯ ಕಟ್ಟೆಯ ಮೇಲೆ ದೀಪವಿಲ್ಲದೆ ಕಾದು ಕುಳಿತಿದ್ದಾಗ, ಹತ್ತು ಹೆಜ್ಜೆ ದೂರದ ಬದುವಿನ ಮೇಲೆ ಬೆಳದಿಂಗಳಿನಲ್ಲಿ ಒಂದು ಬೆಕ್ಕು ನಡೆದುಹೋಯಿತು. ಮನೆಯ ಬೆಕ್ಕಿನ ಅರ್ಧದಷ್ಟೂ ಇರದ ಆ ಪ್ರಾಣಿ ಯಾರದೋ ಮನೆಯಿಂದ ತಪ್ಪಿಸಿಕೊಂಡು ಬಂದ ಮರಿಯಿರಬೇಕೆಂದು ಮೊದಲು ಭಾವಿಸಿದೆ. ಆದರೆ ಅದರ ನಡಿಗೆಯಲ್ಲಿ ಮರಿಯ ತಡವರಿಕೆ ಇರಲಿಲ್ಲ.

ನಮ್ಮ ಕಡೆ ಕಾಡುಬೆಕ್ಕು ಎಂಬ ಒಂದೇ ಹೆಸರಿನಿಂದ ಎರಡು ಮೂರು ಪ್ರಾಣಿಗಳನ್ನು ಕರೆಯುತ್ತಾರೆ. ಕೋಳಿಗೂಡಿಗೆ ನುಗ್ಗುವ, ಉದ್ದಗಾಲಿನ, ಬಾಲದ ತುದಿಯಲ್ಲಿ ಕಪ್ಪು ಬಳೆಗಳಿರುವ ಬೆಕ್ಕೂ ಕಾಡುಬೆಕ್ಕೇ. ಈಚಲು ಹಣ್ಣು ತಿಂದು ಬಂಡೆಯ ಮೇಲೆ ಬೀಜ ತುಂಬಿದ ಮಲ ಬಿಟ್ಟುಹೋಗುವ ಪುನುಗೂ ಹಲವರಿಗೆ ಕಾಡುಬೆಕ್ಕೇ. ನಾನು ಕಂಡದ್ದು ಇವೆರಡೂ ಅಲ್ಲ. ಬೆನ್ನ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳ ಸಾಲು, ಹಣೆಯಿಂದ ತಲೆಯ ಮೇಲೆ ಹಾಯುವ ಕಪ್ಪು ಗೆರೆಗಳು, ಕಣ್ಣಿನ ಒಳಬದಿಯಲ್ಲಿ ಬಿಳಿ ಪಟ್ಟಿ, ಬಳೆಗಳಿಲ್ಲದ ಕಂದು ಬಾಲ ಇರುವ ಇದನ್ನು ನಾನು ನನ್ನ ಪುಸ್ತಕದಲ್ಲಿ ತುಕ್ಕುಚುಕ್ಕೆ ಬೆಕ್ಕು ಎಂದು ಬರೆದುಕೊಳ್ಳುತ್ತೇನೆ. ಪುದುಚೇರಿಯಿಂದ ಹೋದ ಮಾದರಿಯನ್ನು ಆಧರಿಸಿ ಫ್ರೆಂಚ್ ವಿಜ್ಞಾನಿಯೊಬ್ಬರು 1831ರಲ್ಲಿ ಇದನ್ನು ಮೊದಲು ವಿವರಿಸಿದರು. ಬೆಳೆದ ಬೆಕ್ಕು ಒಂದೂವರೆ ಕಿಲೋ ದಾಟುವುದು ಅಪರೂಪ. ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳ ಸಾಲಿಗೆ ಸೇರಿದ ಇದು ಭಾರತ, ಶ್ರೀಲಂಕಾ ಮತ್ತು ನೇಪಾಳ ಬಿಟ್ಟರೆ ಬೇರೆಲ್ಲೂ ಇಲ್ಲವೆಂದು ತಿಳಿದ ದಿನ, ನನ್ನ ಹೊಲದ ಬದುವನ್ನು ನಾನು ಬೇರೆಯದೇ ಕಣ್ಣಿನಿಂದ ನೋಡಿದೆ.

ಮತ್ತೆ ಕಾಣಬೇಕೆಂಬ ಹಂಬಲದಲ್ಲಿ ಮೊದಲ ವರ್ಷ ನಾನು ಮಾಡಿದ್ದೆಲ್ಲ ತಪ್ಪು. ದೊಡ್ಡ ಟಾರ್ಚ್ ಹಿಡಿದು ದಿನಕ್ಕೊಂದು ದಾರಿಯಲ್ಲಿ ಅಲೆದೆ. ಕಂಡದ್ದು ಪೊದೆಯೊಳಗೆ ನುಸುಳುವ ಬಾಲಗಳು ಮಾತ್ರ. ಒಂದು ಸಂಜೆ ಟಿಪ್ಪಣಿ ಪುಸ್ತಕವನ್ನು ತಿರುವಿದಾಗ, ನಾನು ಬೆಕ್ಕನ್ನು ಚೆನ್ನಾಗಿ ನೋಡಿದ ನಾಲ್ಕೂ ಸಲ ಕರೆಂಟಿಗಾಗಿ ಸುಮ್ಮನೆ ಕುಳಿತಿದ್ದೆನೆಂಬುದು ಗೊತ್ತಾಯಿತು. ಅಂದಿನಿಂದ ಅಲೆದಾಟ ನಿಲ್ಲಿಸಿದೆ.

ಕೂರುವ ಜಾಗವನ್ನು ಹಗಲಿನಲ್ಲೇ ನಿರ್ಧರಿಸಬೇಕು. ಬದು, ಹಳ್ಳ ಮತ್ತು ಬಂಡೆಗಳ ಸಾಲು ಸೇರುವ ಕಡೆ ಗಾರೆ ಕೆಲಸದ ಜರಡಿಯಿಂದ ಸಣ್ಣ ಮಣ್ಣನ್ನು ಸೋಸಿ, ಎರಡು ಮಾರು ಉದ್ದಕ್ಕೆ ತೆಳುವಾಗಿ ಹರಡಿ, ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಬಗ್ಗಿ ನೋಡುತ್ತಿದ್ದೆ. ಮುಂಗುಸಿಯ ಹೆಜ್ಜೆಯಲ್ಲಿ ಉಗುರಿನ ಚುಕ್ಕೆಗಳು ಬೆರಳಿನಿಂದ ದೂರ ಬೀಳುತ್ತವೆ. ಬೆಕ್ಕು ಉಗುರನ್ನು ಒಳಗೆಳೆದುಕೊಂಡು ನಡೆಯುವುದರಿಂದ ನಾಲ್ಕು ದುಂಡು ಬೆರಳುಗಳು ಮತ್ತು ಅಂಗಾಲಿನ ಮೆತ್ತೆ ಮಾತ್ರ ಮೂಡುತ್ತವೆ. ಒಂದು ರೂಪಾಯಿ ನಾಣ್ಯದಷ್ಟು ದೊಡ್ಡದಾದ ಅಂಥ ಹೆಜ್ಜೆಗಳು ಹನ್ನೆರಡು ದಿನಗಳಲ್ಲಿ ಏಳು ದಿನ ಒಂದೇ ಕಡೆ ಸಿಕ್ಕಿದ ಮೇಲೆ, ಗಾಳಿ ಬೀಸುವ ದಿಕ್ಕಿಗೆ ಎದುರಾಗಿ, ಬೆನ್ನಿಗೆ ಹುಣಸೆಮರವಿರುವಂತೆ ಕಂಬಳಿ ಹಾಸಿದೆ.

ಟಾರ್ಚಿನ ಗಾಜಿಗೆ ಕೆಂಪು ಹಾಳೆ ಕಟ್ಟಿ, ಅಗತ್ಯವಿದ್ದಾಗ ಮಾತ್ರ ಎರಡು ಮೂರು ಕ್ಷಣ ಬೆಳಗಿಸುತ್ತಿದ್ದೆ. ಕತ್ತಲೆಯಲ್ಲಿ ಮೊದಲು ಕಾಣುವುದು ಪ್ರಾಣಿಯಲ್ಲ, ಅದರ ಕಣ್ಣು. ಬಿಳಿ ಬೆಳಕಿನಲ್ಲಿ ನೆಲದ ಮೇಲೆ ಇಬ್ಬನಿಯಂತೆ ಹೊಳೆಯುವ ನೂರಾರು ಸಣ್ಣ ಚುಕ್ಕೆಗಳು ಜೇಡಗಳ ಕಣ್ಣುಗಳೆಂದು ತಿಳಿದುಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ದಾರಿಯ ನಡುವೆ ಕೆಂಡದಂತೆ ಹೊಳೆಯುವುದು ನತ್ತಿಂಗ ಹಕ್ಕಿ. ಮರದ ಕೊಂಬೆಯಲ್ಲಿ ಎರಡು ಕಿತ್ತಳೆ ಕೆಂಪು ಕಣ್ಣುಗಳು ಒಟ್ಟಾಗಿ ನಮ್ಮತ್ತ ತಿರುಗಿ ನಿಧಾನವಾಗಿ ಸರಿದರೆ ಅದು ಕಾಡುಪಾಪ. ತುಮಕೂರಿನ ಸುತ್ತಿನ ಹುಣಸೆ ತೋಪುಗಳಲ್ಲೂ ಬೇಲಿಸಾಲುಗಳಲ್ಲೂ ಅದು ಇಂದಿಗೂ ಉಳಿದಿರುವುದು ನಮ್ಮ ಭಾಗ್ಯ. ಬೆಕ್ಕಿನ ಕಣ್ಣು ಹಸಿರು ಹಳದಿ. ಆದರೆ ಅದು ಬೆಳಕಿನಿಂದ ಬೇಗ ಮುಖ ತಿರುಗಿಸಿಕೊಳ್ಳುತ್ತದೆ.

ಮುಸ್ಸಂಜೆಯಲ್ಲಿ ಹಕ್ಕಿಗಳೇ ದಾರಿ ತೋರಿಸುತ್ತವೆ. ಹರಟೆಮಲ್ಲಗಳೂ ಪಿಕಳಾರಗಳೂ ಹಾವನ್ನು ಕಂಡರೆ ಒಂದೇ ಪೊದೆಯ ಸುತ್ತ ಕೂಡಿ ಕಿರುಚುತ್ತವೆ, ಬೆಕ್ಕನ್ನು ಕಂಡರೆ ಆ ಕಿರುಚಾಟ ಬೆಕ್ಕಿನ ಜೊತೆಯಲ್ಲೇ ಪೊದೆಯಿಂದ ಪೊದೆಗೆ ಸಾಗುತ್ತದೆ. ಸದ್ದು ಚಲಿಸುವ ದಿಕ್ಕನ್ನು ಗುರುತಿಸಿ, ಬೆಕ್ಕು ಬದುವನ್ನು ತಲುಪುವ ಹೊತ್ತನ್ನು ಅಂದಾಜು ಮಾಡುವಷ್ಟು ಅಭ್ಯಾಸ ನನಗೆ ಎರಡನೆಯ ವರ್ಷಕ್ಕೆ ಬಂತು.

ಪ್ರಾಣಿ ಎದುರು ಹಾದಾಗ ತಾನೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳನ್ನೂ ಇಟ್ಟೆ, ನಮ್ಮ ಹೊಲದೊಳಗೆ ಮಾತ್ರ. ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ಇಡುವಂತಿಲ್ಲ, ಇಡಲೂಬಾರದು. ಚಿರತೆಗಾದರೆ ಮೊಣಕಾಲಿನ ಎತ್ತರ ಸಾಕು. ಈ ಬೆಕ್ಕಿಗೆ ಅಂಗೈ ಉದ್ದದ ಎತ್ತರದಲ್ಲಿ ಕಟ್ಟಬೇಕು. ಚುಕ್ಕೆಗಳಿಂದಲೇ ಒಂದು ಬೆಕ್ಕನ್ನು ಇನ್ನೊಂದರಿಂದ ಬೇರೆಯಾಗಿ ಗುರುತಿಸಬೇಕು, ಎಡಮೈಯ ಚುಕ್ಕೆಗಳು ಬಲಮೈಯಂತೆ ಇರದ ಕಾರಣ ದಾರಿಯ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಬೇಕು. ಮಾಂಸವನ್ನೋ ಮೀನನ್ನೋ ಇಟ್ಟು ಕರೆಯುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದರ ವಾಸನೆಗೆ ಊರಿನ ನಾಯಿಗಳು ಬರುತ್ತವೆ, ನಾಯಿಗಳು ಬಂದ ಕಡೆ ಈ ಬೆಕ್ಕು ಬದುಕುವುದಿಲ್ಲ.

ಮೂರನೆಯ ವರ್ಷದ ಮಾರ್ಚ್‌ನಲ್ಲಿ ಪಕ್ಕದ ಹೊಲದವರು ರಾಗಿಹುಲ್ಲಿನ ಬಣವೆ ಬಿಚ್ಚುವಾಗ ಎರಡು ಮರಿಗಳು ಸಿಕ್ಕವು. "ಅಣ್ಣಾ, ಇವು ಚಿರತೆ ಮರಿಗಳೇ, ಮೈಮೇಲೆ ಚುಕ್ಕೆ ನೋಡಿ" ಎಂದು ಅವರು ನಡುಗುವ ಧ್ವನಿಯಲ್ಲಿ ಹೇಳಿದರು. ಅವರ ಭಯ ಸುಳ್ಳಲ್ಲ. 2019–20ರಲ್ಲಿ ನಮ್ಮ ಜಿಲ್ಲೆಯಲ್ಲಿ ಚಿರತೆಯಿಂದ ಜನ ಪ್ರಾಣ ಕಳೆದುಕೊಂಡಿದ್ದರು. ಈ ಬೆಕ್ಕಿನ ಮರಿಗಳಿಗೆ ಹುಟ್ಟುವಾಗ ತುಕ್ಕಿನ ಬಣ್ಣವಿರದೆ ಕಪ್ಪು ಚುಕ್ಕೆಗಳೇ ಇರುವುದರಿಂದ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಆದರೆ ಚಿರತೆಯ ಮರಿ ಹುಟ್ಟುವಾಗಲೇ ಅರ್ಧ ಕಿಲೋದ ಆಸುಪಾಸಿನಲ್ಲಿರುತ್ತದೆ. ಇವೆರಡೂ ಸೇರಿ ಒಂದು ಬೊಗಸೆಯನ್ನು ತುಂಬಿರಲಿಲ್ಲ. ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ. ಒಂದರ ಬಾಯಿಯ ಬಳಿ ರಾಗಿಹುಲ್ಲಿನ ಸಿಬಿರು ಅಂಟಿತ್ತು.

ಈ ಪ್ರಾಣಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಮನೆಗೆ ಒಯ್ದು ಹಾಲು ಕುಡಿಸುವುದು ಕಾನೂನಿಗೂ ವಿರುದ್ಧ, ಮರಿಗಳಿಗೂ ಅಪಾಯ. ಅರಣ್ಯ ಇಲಾಖೆಯ ಗಾರ್ಡ್‌ಗೆ ಫೋನ್ ಮಾಡಿ, ಅವರು ಬಂದು ಒಪ್ಪಿದ ಮೇಲೆ, ಮರಿಗಳನ್ನು ಒಂದು ಮಂಕರಿಯಲ್ಲಿಟ್ಟು ಸಿಕ್ಕಿದ ಜಾಗದಲ್ಲೇ ಮೇಲೆ ಸ್ವಲ್ಪ ಹುಲ್ಲು ಹೊದಿಸಿದೆವು. ನಾಯಿಗಳನ್ನು ಕಟ್ಟಿಹಾಕಿಸಿ, ಸುತ್ತ ಸಣ್ಣ ಮಣ್ಣನ್ನು ಹರಡಿ, ನಾವು ಐವತ್ತು ಹೆಜ್ಜೆ ದೂರದಲ್ಲಿ ಕುಳಿತೆವು. ಒಂಬತ್ತು ಗಂಟೆಯ ಹೊತ್ತಿಗೆ ತಾಯಿ ಬಂದಳು. ಮಂಕರಿಯ ಅಂಚಿಗೆ ಮುಂಗಾಲು ಊರಿ ಬಹಳ ಹೊತ್ತು ಮೂಸಿ, ಒಂದು ಮರಿಯ ಕುತ್ತಿಗೆಯನ್ನು ಕಚ್ಚಿ ಎತ್ತಿಕೊಂಡು ಬಂಡೆಗಳ ಕಡೆಗೆ ಹೋದಳು. ಅರ್ಧ ಗಂಟೆಯ ಬಳಿಕ ಇನ್ನೊಂದನ್ನೂ ಒಯ್ದಳು. ನಾವು ಸದ್ದಿಲ್ಲದೆ ಎದ್ದು ಮನೆಗೆ ಹೋದೆವು.

ಬೆಳಿಗ್ಗೆ ಮಣ್ಣಿನ ಮೇಲೆ ಬಂದ ಹೆಜ್ಜೆಗಳ ಸಾಲು ಮೂರು, ಹೋದ ಹೆಜ್ಜೆಗಳ ಸಾಲು ಮೂರು ಇದ್ದವು. ಎರಡೂ ಮರಿಗಳನ್ನು ಸಾಗಿಸಿದ ಮೇಲೂ ಅವಳು ಮತ್ತೊಮ್ಮೆ ಬಂದು, ಬರಿದಾದ ಮಂಕರಿಯನ್ನು ಸುತ್ತಿ ನೋಡಿಕೊಂಡು ಹೋಗಿದ್ದಳು.