ಬಾಡಿಗೆ ಮೇಲಿನ ಜಿಎಸ್‌ಟಿ ತೆಗೆಸಿದ್ದು: ನನ್ನ ಅನುಭವ

"ಮನವಿ ಕೊಟ್ಟರೆ ತೆರಿಗೆ ಇಳಿಯುತ್ತಾ?" ಅಂತ ನಕ್ಕವರೇ ಈಗ ಫೋನ್ ಮಾಡಿ ನಮ್ಮ ಹೋಟೆಲುಗಳ ಲೆಕ್ಕದ ಶೀಟಿನ ನಕಲು ಕೇಳುತ್ತಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವ ಬದಲು ಬರೆದೇ ಬಿಡುತ್ತೇನೆ.

ಕಾಂಪೋಸಿಷನ್‌ನಲ್ಲಿರುವ, ಅಂದರೆ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಯೋಜನೆಯಲ್ಲಿ ಒಟ್ಟು ವ್ಯಾಪಾರದ ಮೇಲೆ ಕೈಯಿಂದ ತೆರಿಗೆ ಕಟ್ಟುವ, ಹೋಟೆಲಿನವರಿಗೆ ಹಿನ್ನೆಲೆ ಗೊತ್ತೇ ಇದೆ. ಕಟ್ಟಡದ ಮಾಲೀಕರಿಗೆ ಜಿಎಸ್‌ಟಿ ನಂಬರ್ ಇಲ್ಲದಿದ್ದರೆ ಬಾಡಿಗೆಯ 18 ಪರ್ಸೆಂಟ್ ನಾವೇ ಕಟ್ಟಬೇಕು ಅಂತ 2024ರ ಅಕ್ಟೋಬರ್ 10ರಿಂದ ಆಯಿತು. ಚಿಕ್ಕಮಗಳೂರಿನಲ್ಲಿ ಎಷ್ಟು ಮಾಲೀಕರಿಗೆ ನಂಬರ್ ಇದೆ ಹೇಳಿ? ಒಬ್ಬರು ರಿಟೈರ್ಡ್ ಮೇಷ್ಟ್ರು, ಇನ್ನೊಬ್ಬರು ತೋಟದವರು. ನನ್ನ ಬಾಡಿಗೆ ಆಗ 32 ಸಾವಿರ ಇರಬೇಕು. ವರ್ಷಕ್ಕೆ 70 ಸಾವಿರದ ಹತ್ತಿರ ಹೊರೆ. ವ್ಯಾಪಾರದ ಮೇಲಿನ 5 ಪರ್ಸೆಂಟ್ ಬೇರೆ. ಗಿರಾಕಿಯ ಬಿಲ್ಲಿನಲ್ಲಿ ಹಾಕುವಂತಿಲ್ಲ, ಕಟ್ಟಿದ್ದನ್ನು ಬೇರೆ ತೆರಿಗೆಯಲ್ಲಿ ಕಳೆದುಕೊಳ್ಳುವ ಕ್ರೆಡಿಟ್ಟೂ ಇಲ್ಲ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬಂದವರು ತಿಂದರಷ್ಟೇ ನಮ್ಮ ತಿಂಗಳು ನಡೆಯೋದು.

ಮೊದಲ ಮನವಿಯಲ್ಲಿ ಗ್ಯಾಸು, ಕರೆಂಟು, ಲೈಸೆನ್ಸು, ಬಾಡಿಗೆ ಎಲ್ಲವನ್ನೂ ತುರುಕಿದ್ದೆವು. ಸೀಲ್ ಹಾಕಿ ಇಟ್ಟುಕೊಂಡರು, ಅಷ್ಟೇ. ಆಮೇಲೆ ಕೆಲವರು ಒಂದು ದಿನ ಬಾಗಿಲು ಹಾಕೋಣ ಅಂದರು. ಹಾಕಿದೆವು. ಜನ ಪಕ್ಕದ ಬೇಕರಿಯಲ್ಲಿ ಪಫ್ಸ್ ತಿಂದುಕೊಂಡು ಹೋದರು. ಹುಳಿ ಬಂದ ಹಿಟ್ಟು, ಹುಡುಗರ ಸಂಬಳ, ಎಲ್ಲ ಸೇರಿ ನನಗೇ ಹನ್ನೊಂದು ಹನ್ನೆರಡು ಸಾವಿರ ಲಾಸು.

ಕೆಲಸ ಮಾಡಿದ್ದು ಶೀಟು. ಬೇಡಿಕೆ ಒಂದೇ: ಕಾಂಪೋಸಿಷನ್‌ನವರನ್ನು ಇದರಿಂದ ಬಿಡಿ. ಒಂದು ಹೋಟೆಲಿಗೆ ಒಂದು ಪುಟ. ಬಾಡಿಗೆ, ವ್ಯಾಪಾರ, ಈಗಿನ ತೆರಿಗೆ, ಹೊಸ ತೆರಿಗೆ, ಕೊನೆಗೆ ಕೈಗೆ ಉಳಿಯೋದು. ವ್ಯಾಪಾರದ ಲೆಕ್ಕ ಯಾರು ಬಾಯಿ ಬಿಡುತ್ತಾರೆ? ಹೆಸರು ತೆಗೆದು ನಂಬರ್ ಹಾಕಿದೆ. ಆಗ ಹದಿನೆಂಟೋ ಹತ್ತೊಂಬತ್ತೋ ಹೋಟೆಲ್ ಬಂದವು. ಮೊದಲೆಲ್ಲ "ನಮಗೆ ಕಷ್ಟ" ಅಂತ ಬರೆಯುತ್ತಿದ್ದೆವು. ಕಷ್ಟ ಯಾರಿಗಿಲ್ಲ? ಈ ಸಲ, "ತೆರಿಗೆ ಕಟ್ಟಿ ಕ್ರೆಡಿಟ್ ಪಡೆಯುವವರಿಗೆ ಸರಿಹೋಗುವ ನಿಯಮ, ಕ್ರೆಡಿಟ್ಟೇ ಇಲ್ಲದವರ ಮೇಲೂ ಬಿದ್ದಿದೆ" ಅಂತ ಬರೆದೆವು. ಸಂಸದರ ಕಚೇರಿ, ರಾಜ್ಯದ ಹಣಕಾಸು ಇಲಾಖೆ, ದೆಹಲಿಯ ಜಿಎಸ್‌ಟಿ ಕೌನ್ಸಿಲ್ ಸಚಿವಾಲಯ, ಮೂರು ಕಡೆಗೂ ಹೋಯಿತು. ಜೆರಾಕ್ಸ್, ಆಡಿಟರ್, ಬೆಂಗಳೂರಿನ ಬಸ್ಸು, ಊಟ ಸೇರಿ ಒಂಬತ್ತು ಸಾವಿರ ದಾಟಲಿಲ್ಲ. ಬೆಂಗಳೂರಿನಲ್ಲಿ ಯಾರ ಮೇಜಿಗೆ, ಯಾವ ವಾರ ಕೊಟ್ಟೆವು ಅನ್ನೋದನ್ನು ಮಾತ್ರ ಇಲ್ಲಿ ಹೇಳಲ್ಲ. ಮುಂದೆ ಬೇಕಾಗುತ್ತದೆ.

ನಡುವೆ ಬೇರೆ ದಾರಿಗಳನ್ನೂ ನೋಡಿದೆ. ಬಾಡಿಗೆಯನ್ನು ಒಡೆದು ಅರ್ಧ ಫರ್ನಿಚರ್ ಬಾಡಿಗೆ ಅಂತ ತೋರಿಸಿದರೆ ಹೇಗೆ ಅಂದೆ. ಆಡಿಟರ್ ಬೈದರು. ಮಾಲೀಕರಿಗೇ ನಂಬರ್ ಮಾಡಿಸೋಣ ಅಂದರೆ ಅವರೂ ಅದೇ 18 ಹಾಕಬೇಕು, ಲಾಭವಿಲ್ಲ. ದೋಸೆಗೆ ಐದು ರೂಪಾಯಿ ಏರಿಸಿದೆ. ಪ್ರವಾಸಿಗರು ಕೇಳಲೂ ಇಲ್ಲ. ದಿನಾ ಬರುತ್ತಿದ್ದ ಊರಿನವರು ಎದುರಿನ ಹೋಟೆಲಿಗೆ ಹೋದರು. ಕಡುಬಿಗೆ ಏರಿಸಿದಾಗ ಮಾತ್ರ ಯಾರೂ ಬಿಟ್ಟು ಹೋಗಲಿಲ್ಲ, ಯಾಕೋ ಗೊತ್ತಿಲ್ಲ.

ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ಕೌನ್ಸಿಲ್ ಕೂತಾಗ ಕಾಂಪೋಸಿಷನ್‌ನವರನ್ನು ಬಿಡೋಣ ಅಂತ ತೀರ್ಮಾನವಾಯಿತು. ಜನವರಿ 16ಕ್ಕೆ ಆದೇಶ ಜಾರಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತೆರಿಗೆಯನ್ನು ಸಿಎಂಪಿ-08 ಅನ್ನೋ ಫಾರಂನಲ್ಲಿ ಕಟ್ಟಲು ಕೊನೆ ದಿನ ಜನವರಿ 18! ಎರಡೇ ದಿನ ಮುಂಚೆ ಬಚಾವ್. ಹಿಂದಿನ ಅವಧಿಯನ್ನೂ ಇದ್ದಂತೆ ಬಿಟ್ಟರು. ಅಂದರೆ ಕಟ್ಟದವರು ಕಟ್ಟಬೇಕಿಲ್ಲ, ಕಟ್ಟಿದವರಿಗೆ ವಾಪಸ್ಸೂ ಇಲ್ಲ. ನಮ್ಮಲ್ಲೊಬ್ಬರು ಆಡಿಟರ್ ಅವಸರ ಮಾಡಿದರು ಅಂತ ವರ್ಷದ ಮೊದಲ ವಾರವೇ ಹದಿನೈದು ಸಾವಿರ ಕಟ್ಟಿ ಕೂತಿದ್ದರು. ಇವತ್ತಿಗೂ ಆ ಆಡಿಟರ್ ಹೆಸರೆತ್ತುವಂತಿಲ್ಲ.

ನಮ್ಮೊಬ್ಬರಿಂದಲೇ ಆಯಿತು ಅಂತ ಹೇಳುವಷ್ಟು ದಡ್ಡ ನಾನಲ್ಲ. ಬೇರೆ ಊರುಗಳಿಂದಲೂ ಒತ್ತಡ ಇದ್ದೇ ಇತ್ತು. ಆದರೆ ನಾವು ಕೇಳಿದ ಸಾಲೇ ಆದೇಶದಲ್ಲಿ ಬಂತು, ಅಲ್ವಾ?

ಕಾಂಪೋಸಿಷನ್‌ನಲ್ಲಿಲ್ಲದೆ ರೆಗ್ಯುಲರ್ ಆಗಿ ಬಿಲ್ಲಿನಲ್ಲೇ 5 ಪರ್ಸೆಂಟ್ ಹಾಕುವ ಹೋಟೆಲಿನವರು ಇದರಿಂದ ತಪ್ಪಿಸಿಕೊಂಡಿಲ್ಲ. ವ್ಯಾಪಾರ ಒಂದೂವರೆ ಕೋಟಿಯೊಳಗಿದ್ದರೆ ಮಾರ್ಚ್ 31ರೊಳಗೆ ಕಾಂಪೋಸಿಷನ್‌ಗೆ ಸೇರುವ ಫಾರಂ ಸಿಎಂಪಿ-02 ಹಾಕಿ ಈಚೆ ಬರಬಹುದೇ ಅಂತ ಲೆಕ್ಕ ಹಾಕಿ ನೋಡಿ. ನಮ್ಮ ಮುಂದಿನ ಶೀಟು ಕಮರ್ಷಿಯಲ್ ಸಿಲಿಂಡರ್ ಮೇಲಿನ 18ರದ್ದು. ಗ್ಯಾಸ್ ಬಿಲ್ಲು ಎಸೆಯಬೇಡಿ, ತೆರಿಗೆಯ ಸಾಲು ಕಾಣುವ ಹಾಗೆ ಫೋಟೋ ತೆಗೆದಿಟ್ಟುಕೊಳ್ಳಿ.